ಡಾಕ್ಟರ್ ಬರುವ ಪಿಕ್ಚರ್

ನನಗೆ ಸಿನಿಮಾ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಕತ್ತಲಲ್ಲಿ ನೂರಾರು ಜನರ ಬೆವರಿನ ವಾಸನೆ ಸಹಿಸಿಕೊಂಡು, ಗುರುತು ಪರಿಚಯವಿಲ್ಲದವರ ಸಂಸಾರಕ್ಕೆ ಕಣ್ಣೀರು ಹಾಕಿ ಬರುವುದರಲ್ಲಿ ಏನು ಸುಖವಿದೆಯೋ, ಇವತ್ತಿಗೂ ತಿಳಿದಿಲ್ಲ. ಆದರೂ ಆ ಕಾಲದ ಎಷ್ಟೋ ಪಿಕ್ಚರುಗಳ ಕತೆ ನನಗೆ ಬಾಯಿಪಾಠ. ನೋಡಿ ಅಲ್ಲ, ಕೇಳಿ. ಹೇಳಿದವಳು ಪಕ್ಕದ ಖೋಲಿಯ ರಾಚವ್ವ. ಆ ಕತೆಗಳು ನೆನಪಾದರೆ ಐವತ್ತೆಂಟನೆಯ ಇಸವಿಯ ಬೇಸಿಗೆಯೂ ನೆನಪಾಗುತ್ತದೆ.

ಮದುವೆಯಾಗಿ ಧಾರವಾಡದಿಂದ ಕುರ್ಲಾಕ್ಕೆ ಬಂದಾಗ ನನಗೆ ಮುಂಬೈಯೇ ಒಂದು ಭಯ. ಲೋಕಲ್ ರೈಲು ಹೋದಾಗಲೆಲ್ಲ ನಮ್ಮ ಚಾಳು, ಸಾಲು ಖೋಲಿಗಳ ಆ ಹಳೆಯ ಕಟ್ಟಡ, ನಡುಗುತ್ತಿತ್ತು, ಅದರ ಜೊತೆ ನಾನೂ. ಗಂಡ ನೀಲಕಂಠಪ್ಪ ರೇಲ್ವೆ ಆಫೀಸಿನಲ್ಲಿ ಕಾರಕೂನರು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನಮ್ಮ ಖೋಲಿಗೂ ರಾಚವ್ವನ ಖೋಲಿಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಆಕೆ ಮಗಳನ್ನು ಗದರಿದರೆ ನನಗೆ ಕೇಳುತ್ತಿತ್ತು, ಆಕೆ ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತಿತ್ತು. ವಿಜಾಪುರದ ಕಡೆಯ ಹೆಂಗಸು. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವಳು, ಬಾಯಿಯಲ್ಲಿ ಇನ್ನೂ ದೊಡ್ಡವಳು. ನಾನು ರಾಚಕ್ಕ ಎನ್ನುತ್ತಿದ್ದೆ, ಆಕೆಗೆ ನಾನು ಬರೀ ಶೀಲಾ.

ರಾಚಕ್ಕನಿಗೆ ಸಿನಿಮಾದ ಹುಚ್ಚು ಹಿಡಿದದ್ದು ಚಟಕ್ಕಲ್ಲ. ಗಂಡ ಈರಣ್ಣನಿಗೆ ಗಿರಣಿಯಲ್ಲಿ ರಾತ್ರಿ ಪಾಳಿ. ಹಗಲು ಆತ ಮಲಗಬೇಕು, ಇರುವುದು ಒಂದೇ ಖೋಲಿ, ಮಗಳು ನಾಗಿಯೋ ನಿಂತಲ್ಲಿ ನಿಲ್ಲದ ಪೋರಿ. ಗಂಡನ ನಿದ್ದೆ ಕಾಯಲು ಮಗಳನ್ನು ಎಲ್ಲಾದರೂ ಕರೆದೊಯ್ಯಬೇಕಲ್ಲ? ಸ್ಟೇಷನ್ನಿನ ಆಚೆಗಿನ ಥೇಟರಿನಲ್ಲಿ ವಾರಕ್ಕೊಮ್ಮೆ ಹೆಂಗಸರಿಗೆಂದೇ ಮ್ಯಾಟಿನಿ ಆಟ ಇರುತ್ತಿತ್ತು. ಆಕೆ ಅಲ್ಲಿಗೆ ಹೋಗುವುದಕ್ಕೆ ಶುರುಮಾಡಿದ್ದು ಹೀಗೆ. ಯಾವ ಪಿಕ್ಚರ್ ಎಂದು ಕೇಳುವ ಪದ್ಧತಿ ಇರಲಿಲ್ಲ. ಹಾಕಿದ್ದನ್ನು ನೋಡುವುದು, ಬಂದು ಚಾಳಿನ ಗ್ಯಾಲರಿಯಲ್ಲಿ, ಖೋಲಿಗಳ ಮುಂದಿನ ಉದ್ದ ಪಡಸಾಲೆಯಲ್ಲಿ, ಅಕ್ಕಿ ಆರಿಸುತ್ತ ನನಗೆ ಹೇಳುವುದು. ಹಿಂದಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ತಾನೇ ಮಾಡಿಕೊಳ್ಳುತ್ತಿದ್ದಳು.

ದೇವರ ಪಿಕ್ಚರಾದರೆ ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿ ಕೂರುತ್ತಿದ್ದಳು. ಭಕ್ತಿ ಭಕ್ತಿಯೇ, ಆದರೆ ತಕರಾರು ಬಿಡುತ್ತಿರಲಿಲ್ಲ.

"ಎಲ್ಲಾ ಛಲೋ ಐತಿ ಶೀಲಾ, ಆದ್ರ ದೇವ್ರು ಭಾಳ ತಡಾ ಮಾಡತಾನ. ಆಕಿ ಪಾಪ ಅಷ್ಟೊತ್ತಿನಿಂದ ಗಂಟಲಾ ಹರಕೊಂಡು ಹಾಡಾಕತ್ತಾಳ. ಇವಗ ಮ್ಯಾಲ ಕುಂತು ಕೇಳಸೂದಿಲ್ಲೇನ? ಕಡೀಕ ಬಾ ಅಂತ ಯಾರರೆ ಹೇಳಿ ಕಳಿಸ್ಯಾರೇನ?"

ಹೊಡೆದಾಟದ ಪಿಕ್ಚರುಗಳ ಮೇಲೆ ಆಕೆಗೆ ಬಹಳ ಪ್ರೀತಿ. ಕುದುರೆ, ಕತ್ತಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು, ಮಾಳಿಗೆಯಿಂದ ಮಾಳಿಗೆಗೆ ಹಾರುವವರು. "ಹೊಡ್ಯಾವ ಹೊಡೀತಾನ, ಬಿದ್ದಾವ ಎದ್ದು ಹೋಗತಾನ. ಮನಿಗೆ ಬಂದು ರೊಟ್ಟಿ ಬಡಿಯೂ ಮುಂದ ಯಾವ ಚಿಂತೀನೂ ಇರೂದಿಲ್ಲ," ಎನ್ನುತ್ತಿದ್ದಳು. ನಗಿಸುವ ಪಿಕ್ಚರ್ ಮಾತ್ರ ಆಗಿಬರುತ್ತಿರಲಿಲ್ಲ. ದಪ್ಪನೆಯವನೊಬ್ಬ ಜಾರಿ ಬಿದ್ದ ಎಂದು ಥೇಟರೆಲ್ಲ ನಕ್ಕರೆ ಈಕೆ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದಳು. "ಬಿದ್ದಾವನ್ನ ನೋಡಿ ನಗೂದು ಏನ ಶಾಣೇತನ? ಅವನ ಸ್ವಂಟ ಮುರದಿದ್ರ ಹೇಂತಿ ಗತಿ ಏನ?"

ದೆವ್ವದ ಪಿಕ್ಚರುಗಳ ಕತೆ ಹೇಳುವಾಗ ನಾನೇ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಪಾಳು ಬಂಗಲೆ, ತಾನೇ ತೆರೆಯುವ ಬಾಗಿಲು, ಮೊಂಬತ್ತಿ ಹಿಡಿದು ನಡೆಯುವ ಬಿಳಿ ಸೀರೆಯವಳು. ರಾಚಕ್ಕನಿಗೆ ಅದೆಲ್ಲ ತಮಾಷೆ. "ಅಷ್ಟ ಛಂದ ರಾಗಾ ತಗದು ಹಾಡೂ ದೆವ್ವಕ್ಕ ಯಾಕ ಹೆದರಬೇಕ? ನಮಗ ಬದುಕಿದ್ದಾಗೂ ಹಂಗ ಹಾಡಾಕ ಬರೂದಿಲ್ಲ," ಎಂದು ನಗುತ್ತಿದ್ದಳು.

ಸಂಸಾರದ ಪಿಕ್ಚರಿಗೆ ಆಕೆಯದೊಂದು ಅಳತೆಯಿತ್ತು. ಸೆರಗು ಹಿಂಡುವಷ್ಟು ಒದ್ದೆಯಾದರೆ ಪಿಕ್ಚರ್ ಪಾಸು. ಆದರೆ ಆ ಪಿಕ್ಚರುಗಳಲ್ಲೇ ಆಕೆಯನ್ನು ನಿಜವಾಗಿ ನಡುಗಿಸುವವನೊಬ್ಬ ಬರುತ್ತಿದ್ದ. ಕಳ್ಳನಲ್ಲ, ಕೊಲೆಗಾರನಲ್ಲ. ಚರ್ಮದ ಚೀಲ ಹಿಡಿದ ಡಾಕ್ಟರ್.

"ಅವ ಬರೂತನಕ ಎಲ್ಲಾರೂ ಜೀವಂತ ಇರತಾರ ಶೀಲಾ. ಅವ ಹೊಸ್ತಲಾ ದಾಟಿದಾ ಅಂದ್ರ ಮುಗೀತ. ಬಾಜಾದ ಧ್ವನಿನ ಬದಲಾಗತೈತಿ. ಕೈ ಹಿಡದು ನೋಡತಾನ, ಕೆಳಗ ಬಿಡತಾನ, ಚಾದರಾ ಮುಖದ ಮ್ಯಾಲ ಎಳೀತಾನ. ನಾ ಆವಾಗ ಕಣ್ಣ ತೆರೆಯೂದಿಲ್ಲ ನೋಡ."

"ದೆವ್ವಕ್ಕ ಹೆದರದಾಕಿ ಡಾಕ್ಟರಗ ಹೆದರತಿ," ಎಂದು ನಾನು ಚೇಷ್ಟೆ ಮಾಡಿದೆ.

"ದೆವ್ವ ನಮ್ಮ ಚಾಳಿಗೆ ಬರೂದಿಲ್ಲ. ಡಾಕ್ಟರ್ ಬರತಾನ," ಎಂದಳು. ಅದನ್ನು ಹೇಳುವಾಗ ಆಕೆ ನಗುತ್ತಿರಲಿಲ್ಲ.

ಚೇಷ್ಟೆ ಮಾಡಿದರೂ ಆಕೆಯ ಮಾತು ಒಪ್ಪಬೇಕು. ನಮ್ಮ ಚಾಳಿನಲ್ಲಿಯೂ ನಡೆಯುತ್ತಿದ್ದದ್ದು ಅದೇ. ಜ್ವರ ಬಂದರೆ ಮೊದಲು ಕಷಾಯ, ಆಮೇಲೆ ತಾಯಿತ, ಆಮೇಲೆ ಸ್ಟೇಷನ್ ಹತ್ತಿರದ ಕಂಪೌಂಡರನ ಕೆಂಪು ಔಷಧ. ಉಸಿರು ಮೇಲೆ ಕೆಳಗೆ ಆಗತೊಡಗಿದಾಗ ಡಾಕ್ಟರಿಗೆ ಓಟ. ಆತ ಬಂದು ಮಾಡುವುದು ಏನು ಉಳಿದಿರುತ್ತಿತ್ತು? ನಾನು ಬಂದ ಮೇಲೆ ಚಾಳಿನ ಮೆಟ್ಟಿಲು ಹತ್ತಿದ ಡಾಕ್ಟರುಗಳ ಹಿಂದೆಯೇ ಚಟ್ಟದ ಬಿದಿರು, ಹಗ್ಗ ಹತ್ತಿ ಬಂದಿದ್ದನ್ನು ನಾನೂ ನೋಡಿದ್ದೆ. ಪಿಕ್ಚರಿನವರು ಸುಳ್ಳೇನೂ ಹೇಳಿರಲಿಲ್ಲ.

ಐವತ್ತೆಂಟರ ಬೇಸಿಗೆಯಲ್ಲಿ ಸಿಡುಬು ಬಂತು. ಮೊದಲು ಸ್ಟೇಷನ್ ಆಚೆಯ ಝೋಪಡಿಗಳಲ್ಲಿ ಎಂದರು. ಆಮೇಲೆ ಹಾಲಿನವನ ಓಣಿಯಲ್ಲಿ ಎಂದರು. ಅದರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ತಾಯಿ ಬಂದಾಳ' ಎನ್ನುತ್ತಿದ್ದರು, ಅದನ್ನೂ ಮೆಲ್ಲಗೆ. ಮುನ್ಸಿಪಾಲ್ಟಿಯ ಮುಚ್ಚಿದ ಗಾಡಿ ನಮ್ಮ ರಸ್ತೆಯಲ್ಲಿ ಓಡಾಡತೊಡಗಿತು. ಅದರ ಗಂಟೆ ಕೇಳಿದರೆ ಹೆಂಗಸರು ಮಕ್ಕಳನ್ನು ಒಳಗೆಳೆದುಕೊಂಡು ಅಗಳಿ ಹಾಕುತ್ತಿದ್ದರು. ಗಾಡಿಯಲ್ಲಿ ಹೋದ ಮಕ್ಕಳು ತಿರುಗಿ ಬರುವುದಿಲ್ಲ ಎಂದು ನಳದ ಕಟ್ಟೆಯಲ್ಲಿ ಮಾತಾಗಿತ್ತು. ಆಗ ನಾನು ಆರು ತಿಂಗಳ ಬಸುರಿ. ಸಣ್ಣವಳಿದ್ದಾಗ ಒಮ್ಮೆ, ಮುಂಬೈಗೆ ಬಂದ ವರ್ಷ ಇನ್ನೊಮ್ಮೆ ನನಗೆ ಅದರ ಲಸಿಕೆ ಚುಚ್ಚಿಸಿದ್ದರು. ಆದರೂ ಹೆದರಿಕೆ ನನ್ನ ಮಾತು ಕೇಳಬೇಕಲ್ಲ? ಮೈಯಲ್ಲಿ ಎಲ್ಲಿ ಸ್ವಲ್ಪ ತುರಿಸಿದರೂ ದೀಪದ ಹತ್ತಿರ ಹೋಗಿ ನೋಡಿಕೊಳ್ಳುತ್ತಿದ್ದೆ.

ಚುಚ್ಚುವವರು ನಮ್ಮ ಚಾಳಿಗೆ ಬರುವ ದಿನ ಮುಂಚೆಯೇ ಗೊತ್ತಾಯಿತು. ಸಿಡುಬಿಗೆ ಚುಚ್ಚುವವರನ್ನು ನಮ್ಮಲ್ಲಿ ದೇವಿ ಡಾಕ್ಟರ್ ಎನ್ನುತ್ತಿದ್ದರು. ಮಧ್ಯಾಹ್ನ ಅಂಗಳದಲ್ಲಿ ಮೇಜು ಹಾಕಿ ಕುಳಿತರು. ಮಕ್ಕಳು ಅತ್ತವು, ಮುದುಕಿಯರು ಶಪಿಸಿದರು, ಗಂಡಸರು ನಿದ್ದೆಗಣ್ಣಿನಲ್ಲಿ ಇಳಿದು ಬಂದು ತೋಳು ಕೊಟ್ಟರು. ಈರಣ್ಣನೂ ಕೊಟ್ಟ. ರಾಚಕ್ಕನ ಖೋಲಿಯಲ್ಲಿ ತಾಯಿಯೂ ಇಲ್ಲ, ಮಗಳೂ ಇಲ್ಲ. ಸಂಜೆ ಇಬ್ಬರೂ ಬಂದರು. ನಾಗಿಯ ತೋಳಿಗೆ ಅರಿಸಿನ ಹತ್ತಿದ ಬಟ್ಟೆ ಕಟ್ಟಿತ್ತು.

"ಇಲ್ಲಿ ಗದ್ದಲಾ ಭಾಳ ಅಂತ ಮುನ್ಸಿಪಾಲ್ಟಿ ದವಾಖಾನಿಗೇ ಹೋಗಿ ಚುಚ್ಚಿಸಿಕೊಂಡು ಬಂದ್ವಿ," ಎಂದಳು.

ಈರಣ್ಣ ಮಗಳ ತಲೆ ಸವರಿದ. ನಾನೂ ನಂಬಿದೆ. ನಾಲ್ಕು ವರ್ಷದ ಹುಡುಗಿ ತೋಳಿನ ಬಟ್ಟೆಯನ್ನು ಎಲ್ಲರಿಗೂ ಹೆಮ್ಮೆಯಿಂದ ತೋರಿಸುತ್ತ ಗ್ಯಾಲರಿಯ ಉದ್ದಕ್ಕೂ ಓಡಾಡಿತು.

ಹದಿನೈದಿಪ್ಪತ್ತು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಅಡುಗೆಗೆ ಕುಳಿತವಳಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಪಕ್ಕದ ಖೋಲಿಯಿಂದ ಚುರ್ ಎಂಬ ಸದ್ದಿಲ್ಲ, ಸಾಸಿವೆ ಸಿಡಿದ ವಾಸನೆಯಿಲ್ಲ. ಊರಿಗೆ ಹೋದರೇನೋ ಎಂದುಕೊಂಡರೆ ಪಾತ್ರೆಯ ಸದ್ದು ಇದೆ, ಒಲೆಯ ಹೊಗೆ ಇದೆ. ಸಂಜೆಯೂ ಹಾಗೆಯೇ. ಮರುದಿನವೂ ಬರೀ ಬೇಯಿಸಿದ ಅನ್ನದ ವಾಸನೆ. ಮೂರನೆಯ ದಿನವೂ ಅದೇ. ನಮ್ಮ ಕಡೆ ಯಾವ ಮನೆಯಲ್ಲಿ ಒಗ್ಗರಣೆ ನಿಲ್ಲುತ್ತದೆ ಎನ್ನುವುದು ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಯಿ ಬಂದ ಮನೆಯಲ್ಲಿ ಎಣ್ಣೆ ಕಾಯಿಸುವಂತಿಲ್ಲ, ಕರಿಯುವಂತಿಲ್ಲ, ತಲೆ ಬಾಚುವಂತಿಲ್ಲ. ಅದರ ಜೊತೆಗೆ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಬೇಕು. ನಾನು ಹೊರಗೆ ಬಂದು ನೋಡಿದೆ. ಬಾಗಿಲಿಗೆ ಏನೂ ಕಟ್ಟಿರಲಿಲ್ಲ.

ಕಟ್ಟಿದರೆ ತಾನೇ ಮುನ್ಸಿಪಾಲ್ಟಿಯವರಿಗೆ ತಿಳಿಯುವುದು! ಅವರ ಮುಕಾದಮ ಮೆಟ್ಟಿಲು ಹತ್ತುತ್ತಲೇ ಬಾಗಿಲುಗಳ ಮೇಲೆ ಕಣ್ಣಾಡಿಸುತ್ತಿದ್ದ. ಬೇವು ಕಂಡ ಮನೆಯ ಮುಂದೆ ಗಾಡಿ ನಿಂತಿತು ಎಂದೇ ಅರ್ಥ. ರಾಚಕ್ಕ ಒಗ್ಗರಣೆ ನಿಲ್ಲಿಸಿ ತಾಯಿಯ ಮರ್ಯಾದೆ ಕಾಯ್ದಿದ್ದಳು, ಬೇವು ಕಟ್ಟದೆ ಮಗಳನ್ನು ಬಚ್ಚಿಟ್ಟಿದ್ದಳು. ಅರ್ಧ ಮಾತ್ರ ನಡೆದುಕೊಂಡ ನೇಮಕ್ಕೆ ತಾಯಿ ಏನು ಮಾಡುತ್ತಾಳೋ ಎಂಬ ಹೆದರಿಕೆ ಆಕೆಗೆ ಎಷ್ಟಿತ್ತೋ, ಹಲಗೆಯ ಈಚೆ ಕುಳಿತ ನನಗೂ ಅಷ್ಟೇ ಇತ್ತು. ನನ್ನ ಹೊಟ್ಟೆಯ ಮಗು ಒದ್ದಾಗಲೆಲ್ಲ ಬೆವರುತ್ತಿದ್ದೆ. ಚಾಳಿನ ತುಂಬ ಮಕ್ಕಳಿದ್ದವು. ನನ್ನ ಗಂಡನಿಗೆ ಹೇಳಿದರೆ ಆ ಗಳಿಗೆಯೇ ಗಾಡಿ ಕರೆಸುತ್ತಾರೆಂದು ಗೊತ್ತಿತ್ತು. ಮೊದಲು ಆಕೆಯ ಬಾಯಿಂದಲೇ ಕೇಳೋಣವೆಂದು ಹೋಗಿ ಬಾಗಿಲು ಬಡಿದೆ.

ಬಾಗಿಲು ಒಂದು ಗೇಣು ತೆರೆಯಿತು. ಕೆದರಿದ ತಲೆ, ಒಣಗಿದ ತುಟಿ. ರಾಚಕ್ಕನನ್ನು ನಾನು ಹಾಗೆ ಕಂಡದ್ದೇ ಇಲ್ಲ.

"ಒಳಗ ಬರಬ್ಯಾಡ. ನೀ ಬಸರಿ."

"ನಾಗಿಗೆ ಏನಾಗೈತಿ?"

"ಏನಿಲ್ಲ. ಮೈ ಬೆಚ್ಚಗಾಗೈತಿ."

"ರಾಚಕ್ಕಾ, ಮೂರ ದಿನಾ ಆತು, ನಿನ್ನ ಮನ್ಯಾಗ ಒಗ್ಗರಣೀನ ಇಲ್ಲ."

ಆಕೆ ಬಾಗಿಲಿನ ಚೌಕಟ್ಟಿಗೆ ಹಣೆ ಹಚ್ಚಿ ನಿಂತಳು. ಒಳಗಿನಿಂದ ಹಸಿ ಬೇವಿನ ವಾಸನೆ ಬಂತು, ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಆ ಎರಡನೆಯದನ್ನು ನಾನು ಇಂದಿಗೂ ಮರೆತಿಲ್ಲ.

"ಚುಚ್ಚಿಸಿದ್ದಿ ಅಲ್ಲ? ಚುಚ್ಚಿಸಿದವರಿಗೆ ಬರೂದಿಲ್ಲಂತ ನಮ್ಮವರು ಹೇಳ್ಯಾರ."

"ಎಲ್ಲಿ ಚುಚ್ಚಿಸೇನಿ?" ಎಂದಳು. ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು. "ಆ ಚೀಲಾ, ಆ ಸೂಜಿ ನೆನಸಿಕೊಂಡು ಅಂಗಳಕ್ಕ ಇಳಿಯಾಕ ಆಗಲಿಲ್ಲ. ಅವತ್ತ ಮ್ಯಾಟಿನಿಗೆ ಕರಕೊಂಡು ಹೋಗಿ ಕತ್ತಲಾಗ ಕುಂಡ್ರಿಸಿಕೊಂಡೆ. ಅಲ್ಲಿಗೆ ಯಾವ ಡಾಕ್ಟರ್ ಬರತಾನ? ಎದ್ದು ಬರೂ ಮುಂದ ನನ್ನ ಸೆರಗ ಹರದು ಆಕಿ ತೋಳಿಗೆ ಕಟ್ಟಿದೆ."

ಬೈಯಬೇಕೆಂದು ಬಾಯಿ ತೆರೆದವಳು, ಯಾರಾದರೂ ಕೇಳಿಸಿಕೊಂಡರೇ ಎಂದು ಗ್ಯಾಲರಿಯ ಕಡೆ ತಿರುಗಿ ನೋಡಿದೆ.

"ನಾಗಿ ಅಪ್ಪಗ ಗೊತ್ತಿಲ್ಲ," ಎಂದಳು ಮತ್ತೆ. "ಚುಚ್ಚಿಸಿದ್ದಕ್ಕ ತಾಯಿ ಸಿಟ್ಟಾಗಿ ಬಂದಾಳ ಅಂತ ಅಂವ ತಲೀ ಬಡಕೋತಾನ. ನನ್ನ ಮಾತ ಕೇಳಿ ಚುಚ್ಚಿಸಿದಿ, ನಂದ ತಪ್ಪ ಅಂತ ನನಗ ಕೈ ಮುಗೀತಾನ. ಏನ ಹೇಳ್ಲಿ ನಾ?"

ಈರಣ್ಣ ಪ್ರತಿ ಸಂಜೆ ಎಂದಿನಂತೆ ಪಾಳಿಗೆ ಹೋಗುತ್ತಿದ್ದ. ಹೋಗದಿದ್ದರೆ ಜನರಿಗೆ ಸಂಶಯ ಬರುತ್ತದಲ್ಲ. ತಾಯಿಯ ನೇಮಕ್ಕೆ ಬೋಳಿಸದೆ ಬೆಳೆದ ಗಡ್ಡವನ್ನು ಮುಚ್ಚಲು ಆ ಸೆಕೆಯಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ. ನನ್ನನ್ನು ಕಂಡರೆ ನಗುವಂತೆ ಮುಖ ಮಾಡುತ್ತಿದ್ದ, ಅದನ್ನು ನೋಡಲಾರದೆ ನಾನೇ ಒಳಗೆ ಬರುತ್ತಿದ್ದೆ.

"ಡಾಕ್ಟರನ್ನ ಕರಿಯೂಣು ರಾಚಕ್ಕ."

"ಬ್ಯಾಡ! ನಿನ್ನ ಹೊಟ್ಟ್ಯಾಗಿನ ಕೂಸಿನ ಆಣಿ, ಯಾರ ಮುಂದನೂ ಉಸರಬ್ಯಾಡ. ಅವ ಬಂದ್ರ ನನ್ನ ಮಗಳು ಉಳಿಯೂದಿಲ್ಲ. ಇನ್ನೂ ಉಸರಾಡಾಕತ್ತಾಳ. ಅವ ಬರಲಿಲ್ಲಂದ್ರ ಉಸರಾಡಕೋತ ಇರತಾಳ."

ಹೊಟ್ಟೆಯ ಮಗುವಿನ ಆಣೆ ಹಾಕಿದ್ದಕ್ಕೆ ನನಗೆ ಉರಿದುಹೋಯಿತು. ಆದರೆ ಹೆದರಿದವಳಿಗೆ ನ್ಯಾಯ ಹೇಳಿ ಉಪಯೋಗವಿಲ್ಲ. ಆಗ ನನಗೆ ತೋಚಿದ್ದು ಒಂದೇ. ಜೀವಮಾನದಲ್ಲಿ ನೆಟ್ಟಗೆ ಮೂರು ಪಿಕ್ಚರ್ ನೋಡದ ನಾನು, ಆ ಗ್ಯಾಲರಿಯ ಕಂಬಕ್ಕೆ ಆತುಕೊಂಡು ಒಂದು ಪಿಕ್ಚರಿನ ಕತೆ ಕಟ್ಟಿ ಹೇಳಿದೆ. ಒಂದು ಚಾಳಿನಲ್ಲಿ ಒಂದು ಹುಡುಗಿ. ಜ್ವರ. ತಾಯಿ ಓಡಿಹೋಗಿ ಡಾಕ್ಟರನ್ನು ಕರೆತರುತ್ತಾಳೆ. ಡಾಕ್ಟರ್ ಒಳ್ಳೆಯವನು. ಕೈ ಹಿಡಿದು ನೋಡುತ್ತಾನೆ, ಔಷಧ ಕೊಡುತ್ತಾನೆ. ಹುಡುಗಿ ಎದ್ದು ಕೂತು ಅನ್ನ ಕೇಳುತ್ತಾಳೆ.

ರಾಚಕ್ಕ ಗಮನವಿಟ್ಟು ಕೇಳಿದಳು. ಅಂಥ ಹೊತ್ತಿನಲ್ಲಿಯೂ ಕೇಳದೆ ಇರಲಾರಳು.

"ಯಾವ ಥೇಟರನ್ಯಾಗ ಬಂದಿತ್ತು?"

"ಧಾರವಾಡದಾಗ."

"ಆಮ್ಯಾಲ?"

"ಆಮ್ಯಾಲ ಏನೈತಿ? ಆರಾಮ ಆದ್ಳು. ಮುಗೀತು."

ರಾಚಕ್ಕ ತಲೆಯಾಡಿಸಿದಳು. "ಡಾಕ್ಟರ್ ಬಂದ ಮ್ಯಾಲೆ ಆರಾಮ ಆಗೂ ಪಿಕ್ಚರ್ ಯಾರೂ ತಗದಿಲ್ಲ ಶೀಲಾ. ತಗದ್ರ ಯಾರ ನೋಡತಾರ? ನಿನಗ ಸುಳ್ಳ ಹೇಳಾಕ ಬರೂದಿಲ್ಲ." ಬಾಗಿಲು ಮುಚ್ಚಿಕೊಂಡಿತು.

ನಾನು ಖೋಲಿಗೆ ಬಂದು ಕುಳಿತೆ. ಅವತ್ತು ಗಂಡ ಬಂದ ಕೂಡಲೇ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ, ಆಣೆಯಿದ್ದರೂ ಸರಿ. ಹೊರಗೆ ನಡುಮಧ್ಯಾಹ್ನದ ಬಿಸಿಲು. ಅದು ಎದುರಿನ ತಗಡಿನ ಮೇಲೆ ಬಿದ್ದು ಖೋಲಿಯ ಒಳಗೆಲ್ಲ ಕಣ್ಣು ಕುಕ್ಕುವ ಬೆಳಕು. ಹಲಗೆಯ ಆಚೆಯಿಂದ ನಾಗಿಯ ಧ್ವನಿ ಕೇಳಿಸಿತು. ಎಷ್ಟೋ ದಿನದ ಮೇಲೆ ಆ ಮಗು ಮಾತಾಡಿದ್ದು ನನ್ನ ಕಿವಿಗೆ ಬಿತ್ತು. ಅಳುವಿರಲಿಲ್ಲ, ನೋವಿರಲಿಲ್ಲ, ಬೇಸರ ಮಾತ್ರವಿತ್ತು.

"ಅವ್ವಾ, ಪಿಕ್ಚರ್ ಯಾವಾಗ ಶುರು ಆಗತೈತಿ?"

ರಾಚಕ್ಕ ಒದ್ದೆ ಬಟ್ಟೆ ಹಿಂಡಿದ ಸದ್ದು ಕೇಳಿಸಿತು.

"ಎಲ್ಲಾ ದೀಪಾ ಆರಿಸ್ಯಾರಲ್ಲ, ಇನ್ನೂ ಯಾಕ ಪಿಕ್ಚರ್ ಹಚ್ಚವಲ್ಲರು?"

ನಾನು ಕುಳಿತಲ್ಲೇ ಗಟ್ಟಿಯಾಗಿ ಹೊಟ್ಟೆ ಹಿಡಿದುಕೊಂಡೆ. ಮಗುವಿಗೆ ಗೊತ್ತಿದ್ದ ಹಗಲಿನ ಕತ್ತಲೆ ಥೇಟರಿನದೊಂದೇ. ಪಕ್ಕದ ಖೋಲಿಯಲ್ಲಿ ಏನೋ ಬಿತ್ತು. ಬಾಗಿಲು ದಢಾರನೆ ತೆರೆಯಿತು. ರಾಚಕ್ಕ ತಲೆ ಕೆದರಿಕೊಂಡು, ಕಾಲಲ್ಲಿ ಚಪ್ಪಲಿಯಿಲ್ಲದೆ, ಗ್ಯಾಲರಿಯಲ್ಲಿ ಓಡಿದಳು. "ಡಾಕ್ಟರ್! ಡಾಕ್ಟರನ್ನ ಕರೀರಿ! ಯಾರರೆ ಡಾಕ್ಟರನ್ನ ಕರೀರಿ!" ಎಂದು ಆಕೆ ಕೂಗುತ್ತ ಮೆಟ್ಟಿಲು ಇಳಿದದ್ದು ಇಡೀ ಚಾಳಿಗೆ ಕೇಳಿಸಿತು. ಒಂದೊಂದೇ ಬಾಗಿಲು ತೆರೆಯಿತು, ವಿಷಯ ತಿಳಿದು ಒಂದೊಂದೇ ಮುಚ್ಚಿತು.

ಡಾಕ್ಟರ್ ಬಂದ. ಕೈಯಲ್ಲಿ ಚರ್ಮದ ಚೀಲವೇ ಇತ್ತು. ಇನ್ನೂ ಮೀಸೆ ಸರಿಯಾಗಿ ಬಲಿಯದ ಮರಾಠಿ ಹುಡುಗ, ಅವನ ಮುಖದಲ್ಲಿಯೂ ಹೆದರಿಕೆ ಇತ್ತು. ನಾನು ನನ್ನ ಹೊಸ್ತಿಲಲ್ಲಿ ನಿಂತಿದ್ದೆ. ಬಾಗಿಲು ಪೂರ್ತಿ ತೆರೆದಿದ್ದರಿಂದ ಒಳಗಿನದೆಲ್ಲ ಕಾಣುತ್ತಿತ್ತು. ಗದ್ದಲಕ್ಕೆ ಎದ್ದ ಈರಣ್ಣ ಮೂಲೆಯಲ್ಲಿ ಕೈಜೋಡಿಸಿ ನಿಂತಿದ್ದ. ಡಾಕ್ಟರ್ ಮಗುವಿನ ಮಣಿಕಟ್ಟು ಹಿಡಿದ. ರಾಚಕ್ಕ ಕಣ್ಣು ಮುಚ್ಚಲಿಲ್ಲ. ಅವನ ಬೆರಳುಗಳನ್ನೇ ನೋಡುತ್ತ ನಿಂತಳು. ಆತ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಟ್ಟು, ಬಿಸಿನೀರು ಕೇಳಿದ, ಹತ್ತಿ ತೆಗೆದು ಮಗುವಿನ ಅಂಟಿಕೊಂಡ ರೆಪ್ಪೆಗಳನ್ನು ತೊಳೆಯತೊಡಗಿದ.

"ಟೀಕಾ ಲಗವಾಯಾ ಥಾ?" ಚುಚ್ಚಿಸಿದ್ದಿರಾ ಎಂದು ತೊಳೆಯುತ್ತಲೇ ಕೇಳಿದ.

"ಹಾಂ ಸಾಹೇಬ, ಲಗವಾಯಾ," ಎಂದ ಈರಣ್ಣ.

ಡಾಕ್ಟರ್ ನಾಗಿಯ ಒಂದು ತೋಳನ್ನು ಎತ್ತಿ ನೋಡಿದ, ಇನ್ನೊಂದನ್ನೂ ನೋಡಿದ, ಚುಚ್ಚಿದ ಗುರುತು ಎಲ್ಲಿಯೂ ಇರಲಿಲ್ಲ. ಆಮೇಲೆ ತಲೆಯೆತ್ತಿ ಈರಣ್ಣನ ಮುಖ ನೋಡಿದ. ಈರಣ್ಣ ಹೆಂಡತಿಯ ಕಡೆ ತಿರುಗಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಆತ ಕುತ್ತಿಗೆಯ ಮಫ್ಲರನ್ನು ತೆಗೆದು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ಕೆಳಗೆ ಕುಸಿದ.

ಗಾಡಿ ಬಂತು. ಮಗುವಿನ ಜೊತೆ ರಾಚಕ್ಕನೂ ಹತ್ತಿದಳು, ಇಳಿಸಲು ನೋಡಿದವರಿಗೆ ಆಗಲಿಲ್ಲ. ಚಾಳಿಗೆಲ್ಲ ಮತ್ತೊಮ್ಮೆ ಚುಚ್ಚಿದರು, ಖೋಲಿಗೆ ಔಷಧ ಹೊಡೆದರು. ಆಮೇಲಿನ ದಿನಗಳನ್ನು ಹೇಗೆ ಕಳೆದೆವೋ. ಪ್ರತಿ ಬೆಳಿಗ್ಗೆ ಹೆಂಗಸರು ಮಕ್ಕಳನ್ನು ನಿಲ್ಲಿಸಿ ಬೆನ್ನು, ಹೊಟ್ಟೆ, ಬಾಯಿಯ ಒಳಗೆಲ್ಲ ನೋಡುತ್ತಿದ್ದರು. ಈರಣ್ಣ ಆಸ್ಪತ್ರೆಯ ಗೇಟಿನ ತನಕ ಹೋಗಿ ಬರುತ್ತಿದ್ದ, ಒಳಗೆ ಬಿಡುತ್ತಿರಲಿಲ್ಲ. "ಇದ್ದಾಳ" ಎನ್ನುತ್ತಿದ್ದ ನಮಗೆ. ಅಷ್ಟೇ ಸುದ್ದಿ. ಅವನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿದಾಗಲೆಲ್ಲ, ಇವತ್ತು ಆ ಮಾತು ಹೇಳದಿದ್ದರೆ ಎಂದು ನಾನು ಉಸಿರು ಹಿಡಿದು ಕೂರುತ್ತಿದ್ದೆ. ಬೇರೆ ಯಾವ ಮಗುವಿಗೂ ಬರಲಿಲ್ಲ. ಚುಚ್ಚಿಸಿಕೊಂಡವರೆಲ್ಲ ಉಳಿದೆವು.

ಮಳೆ ಶುರುವಾದ ಮೇಲೆ ನಾಗಿ ತಿರುಗಿ ಬಂದಳು. ರಾಚಕ್ಕ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಮಗು ಬದುಕಿತ್ತು, ಮುಖದ ತುಂಬ ಕಲೆಗಳಿದ್ದವು, ಎರಡೂ ಕಣ್ಣು ಬೆಳ್ಳಗಾಗಿದ್ದವು. ಮೊದಲೇ ಕರೆತಂದಿದ್ದರೆ ಒಂದಾದರೂ ಕಣ್ಣು ಉಳಿಯುತ್ತಿತ್ತೋ ಏನೋ, ಅಲ್ಲಿನವರು ಖಂಡಿತವಾಗಿ ಹೇಳಲಿಲ್ಲ, ರಾಚಕ್ಕನೂ ಎರಡನೆಯ ಸಲ ಕೇಳಲಿಲ್ಲ. ಈರಣ್ಣ ಹೆಂಡತಿಗೆ ಒಂದು ಕೆಟ್ಟ ಮಾತು ಆಡಿದ್ದು ಹಲಗೆಯ ಈಚೆ ನನಗೆ ಎಂದೂ ಕೇಳಲಿಲ್ಲ. ಒಳ್ಳೆಯ ಮಾತೂ ಬಹಳ ದಿನ ಕೇಳಲಿಲ್ಲ.

ಇನ್ನು ಆಕೆ ಥೇಟರಿನ ಕಡೆ ತಲೆ ಹಾಕಿಯೂ ಮಲಗಲಾರಳು ಎಂದುಕೊಂಡಿದ್ದೆ. ಹಟ ಹಿಡಿದದ್ದು ನಾಗಿ. ಅಪ್ಪ ಮಲಗ್ಯಾನ, ಮ್ಯಾಟಿನಿಗೆ ಹೋಗೂಣು ಅಂತ ಒಂದೇ ಸಮ. ಕಡೆಗೆ ಕರೆದುಕೊಂಡು ಹೋದಳು. ಪಕ್ಕದಲ್ಲಿ ಕೂರಿಸಿಕೊಂಡು ಪರದೆಯ ಮೇಲೆ ಕಂಡದ್ದನ್ನೆಲ್ಲ ಕಿವಿಯಲ್ಲಿ ಹೇಳತೊಡಗಿದಳು. ಅಕ್ಕಪಕ್ಕದವರು ಮೊದಮೊದಲು ಗದರಿದರು, ಮಗುವಿನ ಮುಖ ನೋಡಿದ ಮೇಲೆ ಸುಮ್ಮನಾದರು.

ಆಕೆಯ ಅಭಿಪ್ರಾಯಗಳೆಲ್ಲ ತಲೆಕೆಳಗಾದವು. ಅಷ್ಟು ಇಷ್ಟವಾಗಿದ್ದ ಹೊಡೆದಾಟದ ಪಿಕ್ಚರ್ ಈಗ ಬೇಡ. "ಯಾರ ಯಾರಿಗೆ ಹೊಡದ್ರು ಅಂತ ಹೇಳೂದ್ರಾಗ ಇನ್ನೊಬ್ಬ ಬಿದ್ದಿರತಾನ," ಎಂದು ಸೋತು ಹೇಳುತ್ತಿದ್ದಳು. ನಗಿಸುವ ಪಿಕ್ಚರ್ ನಾಗಿಗೆ ಬೇಕು. ಜಾರಿ ಬಿದ್ದವನನ್ನು ನಗು ಬರುವಂತೆ ಹೇಳುವುದನ್ನು ತಾಯಿ ಕಲಿತಳು. ದೇವರ ಪಿಕ್ಚರಿನಲ್ಲಿ ದೇವರು ತಡಮಾಡಿದರೂ ತಕರಾರಿಲ್ಲ. ದೆವ್ವದ ಪಿಕ್ಚರಿಗೆ ಮಾತ್ರ ಆಕೆ ಮಗಳನ್ನು ಎಂದೂ ಕರೆದೊಯ್ಯಲಿಲ್ಲ. ಕಾರಣ ಕೇಳಿದೆ. ಕತ್ತಲೆಯ ಮನೆಯೊಳಗೆ ಒಬ್ಬಳೇ ತಡವರಿಸುತ್ತ ನಡೆಯುವ ಹೆಣ್ಣನ್ನು ಬಾಯಿಬಿಟ್ಟು ವರ್ಣಿಸುವುದು ತನ್ನಿಂದಾಗದು ಎಂದಳು.

ನಗುತ್ತಿದ್ದಳು, ಮಾತಾಡುತ್ತಿದ್ದಳು, ಆದರೂ ಆಕೆಯ ಒಳಗೆ ಒಂದು ಹೆದರಿಕೆ ಸದಾ ಕುಳಿತಿರುತ್ತಿತ್ತು. ಒಮ್ಮೆ ನನಗೆ ಹೇಳಿದಳು: "ಶೀಲಾ, ಇಕಿ ದೊಡ್ಡಾಕಿ ಆಕ್ಕಾಳ. ಒಂದ ದಿನಾ ಕೇಳೇ ಕೇಳತಾಳ. ಆವಾಗ ನಾ ಏನ ಮಾಡ್ಲಿ?" ನಾಗಿ 'ಅವ್ವಾ' ಎಂದು ಕರೆದಾಗಲೆಲ್ಲ ಆಕೆ ಒಂದು ಗಳಿಗೆ ತಡೆದು 'ಏನವ್ವ' ಎನ್ನುತ್ತಿದ್ದದ್ದು ಏಕೆಂದು ನನಗೆ ಅವತ್ತು ತಿಳಿಯಿತು.

ಮರುವರ್ಷ ಒಂದು ಮ್ಯಾಟಿನಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಸಂಸಾರದ ಪಿಕ್ಚರ್. ನನ್ನ ಕೂಸು ತೊಡೆಯ ಮೇಲೆ ನಿದ್ದೆ ಹೋಗಿತ್ತು. ನಾಗಿ ನಮ್ಮಿಬ್ಬರ ನಡುವೆ ಕುಳಿತು ನನ್ನ ತೋಳಿಗೆ ಜೋತುಬಿದ್ದಿದ್ದಳು. ಪರದೆಯ ಮೇಲೆ ಮದುವೆ ನಡೆದಿತ್ತು. ರಾಚಕ್ಕ ಮೆಲ್ಲಗೆ ಹೇಳುತ್ತಿದ್ದಳು: "ಈಗ ಮದಮಗಳು ಹೊರಗ ಬಂದ್ಳು. ಜರಿ ಸೀರಿ ಉಟ್ಟಾಳ. ಆಕಿ ತಂಗಿ ಹಿಂದಿಂದ ನಗಾಕತ್ತಾಳ..."

ನಾಗಿಯ ಬೆರಳು ನನ್ನ ತೋಳಿನ ಮೇಲೆ ಒಂದೆಡೆ ನಿಂತಿತು. ಮತ್ತೆ ಮತ್ತೆ ಅಲ್ಲಿಯೇ ತಡವಿತು.

"ಮೌಶಿ, ಇಲ್ಲೇನ ಇದು? ಗುಂಡಗ ತಗ್ಗ ಬಿದ್ದೈತಿ."

"ಸಣ್ಣಾಕಿದ್ದಾಗ ಚುಚ್ಚಿದ್ದವ್ವ. ಎಲ್ಲಾರಿಗೂ ಇರತೈತಿ," ಎಂದುಬಿಟ್ಟೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ.

ಆಕೆ ಕೈ ಚಾಚಿ ನನ್ನ ಕೂಸಿನ ತೋಳು ಹುಡುಕಿದಳು. ಅಲ್ಲಿಯೂ ಸಿಕ್ಕಿತು. ಆಮೇಲೆ ತನ್ನ ತೋಳುಗಳನ್ನು ಮೇಲಿನಿಂದ ಕೆಳಗೆ ಸವರಿಕೊಂಡಳು. "ನನ್ನ ಮೈತುಂಬ ತಗ್ಗ ಅದಾವ. ಆದ್ರ ಇಂಥಾದ್ದು ಇಲ್ಲ," ಎಂದಳು. ತಾಯಿಯ ಕಡೆ ತಿರುಗಿ, "ಅವ್ವಾ, ನನಗ ಯಾಕ ಚುಚ್ಚಿಸಲಿಲ್ಲ?"

ರಾಚಕ್ಕನ ಮಾತು ನಿಂತಿತು. ಪರದೆಯ ಬೆಳಕಿನಲ್ಲಿ ಆಕೆಯ ಮುಖ ನೋಡಿ ನನಗೆ ಭಯವಾಯಿತು. ಏನಾದರೂ ಸುಳ್ಳು ಹೇಳು ಎಂದು ಕಣ್ಣಿನಲ್ಲಿಯೇ ಬೇಡಿಕೊಂಡೆ. ಅಲ್ಲಿ ವಾಲಗ ಊದುತ್ತಿದ್ದರು, ಸುತ್ತಲಿನ ಹೆಂಗಸರು ಮದುಮಗಳ ಒಡವೆ ನೋಡಿ ಲೊಚಗುಟ್ಟುತ್ತಿದ್ದರು.

"ಅವತ್ತ ನಾವು ಪಿಕ್ಚರಿಗೆ ಬಂದಿದ್ವಿ ನಾಗಿ," ಎಂದಳು ರಾಚಕ್ಕ.

ನಾಗಿ ಯೋಚಿಸಿದಳು.

"ಆವಾಗ ನನಗ ಕಾಣಸ್ತಿತ್ತೇನ?"

"ಹೂಂ. ಕಾಣಸ್ತಿತ್ತು."

"ಪಿಕ್ಚರ್ ಛಲೋ ಇತ್ತೇನ ಅವ್ವಾ?"